ಒಂದು ಬರೆದಾಯ್ತು, ಎರಡು ಯಾರಿಗೆ?

1969ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಯಾರೆಂಬುದನ್ನು ಮೊದಲ ಪ್ರಾಶಸ್ತ್ಯದ ಮತಗಳು ತೀರ್ಮಾನಿಸಲಿಲ್ಲ. ಎರಡನೇ ಪ್ರಾಶಸ್ತ್ಯದ ಮತಕ್ಕಾಗಿ ಎದುರಾಳಿ ಪಕ್ಷಗಳ ಬಾಗಿಲು ತಟ್ಟಿದ ಕಾಂಗ್ರೆಸ್ ಅಧ್ಯಕ್ಷ, ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರ ಗಣಿತ ಸರಿಯಾಗಿಯೇ ಇತ್ತು. ಆದರೂ ಅವರ ಅಭ್ಯರ್ಥಿ ಸೋತರು, ಪಕ್ಷ ಒಡೆಯಿತು. ಅಂಕಿ ಬರೆದು ಮತ ಹಾಕುವ ಪದ್ಧತಿಯ ಒಳಸುಳಿಗಳನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಕಥೆ ಸಿಗುವುದಿಲ್ಲ.

ಆಗಸ್ಟ್ 20, 1969. ದೆಹಲಿಯ ಸಂಸತ್ ಭವನ. ಬೆಂಗಳೂರೂ ಸೇರಿದಂತೆ ರಾಜ್ಯಗಳ ರಾಜಧಾನಿಗಳಿಂದ ಬಂದ ಮತಪೆಟ್ಟಿಗೆಗಳ ಬೀಗ ತೆಗೆದಾಗಿದೆ. ಯಾರ ಹೆಸರಿನ ಮುಂದೆ ‘1’ ಇದೆಯೋ ಅವರ ಕಟ್ಟಿಗೆ ಮತಪತ್ರ ಸೇರುತ್ತಿದೆ. ಕಟ್ಟುಗಳ ಲೆಕ್ಕ ಕೂಡಿದಾಗ ಬಂದದ್ದಿಷ್ಟು: ವಿ.ವಿ. ಗಿರಿ 4,01,515. ನೀಲಂ ಸಂಜೀವ ರೆಡ್ಡಿ 3,13,548. ಸಿ.ಡಿ. ದೇಶಮುಖ್ 1,12,769. ಕಣದಲ್ಲಿದ್ದ ಇನ್ನುಳಿದ ಹನ್ನೆರಡು ಮಂದಿಗೆ ಒಟ್ಟು ಸೇರಿ 8,505. ಅವರಲ್ಲಿ ಐವರಿಗೆ ಸೊನ್ನೆ.

ಲೋಕಸಭೆಯದ್ದೋ ವಿಧಾನಸಭೆಯದ್ದೋ ಚುನಾವಣೆಯಾಗಿದ್ದರೆ ಇಷ್ಟಕ್ಕೇ ಪಟಾಕಿ ಸಿಡಿಯುತ್ತಿತ್ತು. ಗಿರಿಯವರ ಮುನ್ನಡೆ ಎಂಬತ್ತೇಳು ಸಾವಿರ ದಾಟಿತ್ತು. ಆದರೆ ಅವರು ಗೆದ್ದಿರಲಿಲ್ಲ. ಗೆಲ್ಲಲು ಬೇಕಿದ್ದದ್ದು 4,18,169. ಇನ್ನೂ ಹದಿನಾರು ಸಾವಿರದಷ್ಟು ಕೊರತೆ.

ಹಾಗಾಗಿ ಎಣಿಕೆಯವರು ಮತ್ತೆ ಕಟ್ಟುಗಳಿಗೆ ಕೈಹಾಕಿದರು. ಕೊನೆಯ ಸ್ಥಾನದಲ್ಲಿದ್ದವರಿಂದ ಶುರುಮಾಡಿ ಒಬ್ಬೊಬ್ಬರನ್ನೇ ಕಣದಿಂದ ಕೈಬಿಡುತ್ತ, ಅವರ ಮತಪತ್ರಗಳಲ್ಲಿ ‘2’ ಯಾರಿಗಿದೆ ಎಂದು ನೋಡುತ್ತ, ಆ ಹೆಸರಿನವರ ಕಟ್ಟಿಗೆ ವರ್ಗಾಯಿಸುತ್ತ ಬಂದರು. ದೇಶಮುಖ್ ಅವರ ದಪ್ಪ ಕಟ್ಟು ಬಿಚ್ಚಿದ ಮೇಲೆ ಚಿತ್ರ ಸ್ಪಷ್ಟವಾಯಿತು. ಗಿರಿ 4,20,077. ರೆಡ್ಡಿ 4,05,427.

ಗುರಿಗಿಂತ ಬರೀ 1,908 ಹೆಚ್ಚು. ಭಾರತದ ಬೇರೆ ಯಾವ ರಾಷ್ಟ್ರಪತಿಯೂ ಹೀಗೆ ಎರಡನೇ ಪ್ರಾಶಸ್ತ್ಯದ ಏಣಿ ಹತ್ತಿ ಕುರ್ಚಿ ಮುಟ್ಟಿದ್ದಿಲ್ಲ, ಅದಕ್ಕೆ ಮೊದಲೂ ಆಮೇಲೂ.

ಲಾಲ್‌ಬಾಗ್‌ನಲ್ಲಿ ಬಿದ್ದ ಬೀಜ

ಈ ಕಥೆಯ ಮೊದಲ ಅಧ್ಯಾಯ ನಡೆದದ್ದು ನಮ್ಮಲ್ಲೇ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ಗಿರಿ ಹಂಗಾಮಿಯಾದರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ. ಫಲಪುಷ್ಪ ಪ್ರದರ್ಶನಕ್ಕೆ ಹೆಸರಾದ ಜಾಗದಲ್ಲಿ ಆ ಸಲ ಅರಳಿದ್ದು ಜಗಳ.

ಪಕ್ಷದ ಅಧ್ಯಕ್ಷರು ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ. ರಾಷ್ಟ್ರಪತಿ ಅಭ್ಯರ್ಥಿಯಾಗಿ ಇಂದಿರಾ ಸೂಚಿಸಿದ್ದು ಜಗಜೀವನ್ ರಾಂ ಹೆಸರು. ಪಕ್ಷದ ಸಂಸದೀಯ ಮಂಡಳಿ ಆರಿಸಿದ್ದು ಲೋಕಸಭೆಯ ಸ್ಪೀಕರ್ ಸಂಜೀವ ರೆಡ್ಡಿಯವರನ್ನು, 4–2ರ ಬಹುಮತದಿಂದ. ಮುಂದಿನ ವಾರವೇ ಬ್ಯಾಂಕುಗಳ ರಾಷ್ಟ್ರೀಕರಣ. ಜುಲೈ 20ಕ್ಕೆ ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಮೈಸೂರು ರಾಜ್ಯದ ರಾಜ್ಯಪಾಲರಾಗಿ ಎರಡು ವರ್ಷ ಇದ್ದುಹೋದವರು ಅವರು; ಇಲ್ಲಿನ ಶಾಸಕರಿಗೆ ಹೊಸಮುಖವಲ್ಲ. ಎಡಪಕ್ಷಗಳು ಮತ್ತು ಡಿಎಂಕೆ ಅವರ ಬೆನ್ನಿಗೆ ನಿಂತವು.

ಸ್ವತಂತ್ರ ಪಕ್ಷ ಮತ್ತು ಜನಸಂಘದ ಅಭ್ಯರ್ಥಿ ದೇಶಮುಖ್. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ನೆಹರೂ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು. ಅವರು ಗೆಲ್ಲುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹಾಗಿದ್ದ ಮೇಲೆ ಅವರಿಗೆ ‘1’ ಹಾಕುವವರು ‘2’ ಯಾರಿಗೆ ಹಾಕುತ್ತಾರೆ?

ನಿಜಲಿಂಗಪ್ಪನವರು ಈ ಪ್ರಶ್ನೆಯನ್ನು ಸರಿಯಾಗಿಯೇ ಹಿಡಿದರು. ಆ ಎರಡೂ ಪಕ್ಷಗಳ ನಾಯಕರನ್ನು ಭೇಟಿಯಾಗಿ, ನಿಮ್ಮ ಎರಡನೇ ಪ್ರಾಶಸ್ತ್ಯದ ಮತ ರೆಡ್ಡಿಯವರಿಗೆ ಕೊಡಿಸಿ ಎಂದು ಕೇಳಿಕೊಂಡರು.

ಅಲ್ಲಿಗೆ ಇಂದಿರಾ ಬಣಕ್ಕೆ ಅಸ್ತ್ರ ಸಿಕ್ಕಿತು. ‘ಪಕ್ಷದ ಅಧ್ಯಕ್ಷರೇ ಜನಸಂಘದ ಜೊತೆ ಮಾತಾಡಿದ್ದಾರೆ’ ಎಂಬ ಕೂಗು ಎದ್ದಿತು. ಜಗಜೀವನ್ ರಾಂ ಮತ್ತು ಫಕ್ರುದ್ದೀನ್ ಅಲಿ ಅಹಮದ್ ವಿವರಣೆ ಕೇಳಿ ಪತ್ರ ಬರೆದರು. ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಹಾಕಿದ್ದ ಇಂದಿರಾ, ಕೊನೆಗೆ ‘ಆತ್ಮಸಾಕ್ಷಿಯಂತೆ ಮತ ಹಾಕಿ’ ಎಂದುಬಿಟ್ಟರು. ಆತ್ಮಸಾಕ್ಷಿ ಯಾವ ಕಡೆ ವಾಲಬೇಕೆಂದು ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ಮತ ನಡೆಯುವ ದಾರಿ

ಸಂವಿಧಾನದ 55ನೇ ವಿಧಿ ಈ ಪದ್ಧತಿಯನ್ನು ‘ಏಕ ವರ್ಗಾವಣೀಯ ಮತದ ಮೂಲಕ ಅನುಪಾತ ಪ್ರಾತಿನಿಧ್ಯ’ ಎಂದು ಕರೆಯುತ್ತದೆ. ಇರುವುದೊಂದೇ ಕುರ್ಚಿ, ಅದನ್ನು ಯಾವ ಅನುಪಾತದಲ್ಲಿ ಹಂಚುವುದೋ ದೇವರೇ ಬಲ್ಲ. ಹೆಸರು ಏನೇ ಇರಲಿ, ಕೆಲಸ ಸರಳ.

ಮತದಾರನಿಗಿರುವುದು ಒಂದೇ ಮತ. ಆ ಮತ ಯಾವ ಕ್ಷಣದಲ್ಲೂ ಒಬ್ಬರ ಬಳಿಯೇ ಇರುತ್ತದೆ. ‘1’ ಪಡೆದವರು ಕಣದಲ್ಲಿ ಇರುವ ತನಕ ‘2’ಕ್ಕೆ ಜೀವವಿಲ್ಲ. ಅವರು ಹೊರಬಿದ್ದರೆ ಮಾತ್ರ ಮತ ಎದ್ದು ಮುಂದಿನವರ ಮನೆಗೆ ನಡೆಯುತ್ತದೆ. ಎರಡನೆಯವರೂ ಹೊರಬಿದ್ದರೆ ಮೂರನೆಯವರ ಮನೆ. ಮುಂದಿನ ಅಂಕಿಯೇ ಇಲ್ಲದಿದ್ದರೆ ಅಲ್ಲಿಗೆ ಆ ಮತದ ಪ್ರಯಾಣ ಮುಗಿಯಿತು. ಅದನ್ನು ಬೇರೆ ಕಟ್ಟಿಗೆ ಹಾಕಿ ಬದಿಗಿಡುತ್ತಾರೆ.

ಗೆಲುವಿನ ಗುರಿಗೆ ಕೋಟಾ ಎನ್ನುತ್ತಾರೆ. ಲಂಡನ್ನಿನ ವಕೀಲ ಹೆನ್ರಿ ಡ್ರೂಪ್ 1868ರಲ್ಲಿ ಕೊಟ್ಟ ಸೂತ್ರ: ಸಿಂಧು ಮತಗಳನ್ನು ಸ್ಥಾನಗಳ ಸಂಖ್ಯೆಗೆ ಒಂದು ಸೇರಿಸಿ ಭಾಗಿಸಿ, ಬಂದದ್ದಕ್ಕೆ ಒಂದು ಕೂಡಿಸಿ. ಸ್ಥಾನ ಒಂದೇ ಆದರೆ ಅರ್ಧಕ್ಕಿಂತ ಒಂದು ಹೆಚ್ಚು. 1969ರ ಒಟ್ಟು 8,36,337ನ್ನು ಅರ್ಧ ಮಾಡಿ, ಚಿಲ್ಲರೆ ಬಿಟ್ಟು, ಒಂದು ಸೇರಿಸಿದರೆ ಅದೇ 4,18,169.

(ಈ ಲಕ್ಷಗಳು ತಲೆಯೆಣಿಕೆಯಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಒಬ್ಬ ಶಾಸಕನ ಮತಕ್ಕೆ ಆಯಾ ರಾಜ್ಯದ ಜನಸಂಖ್ಯೆಯ ಲೆಕ್ಕದಲ್ಲಿ ಮೌಲ್ಯ ಕಟ್ಟುತ್ತಾರೆ. ಈಗ ಕರ್ನಾಟಕದ ಶಾಸಕರ ಒಂದು ಮತಕ್ಕೆ 131.)

———

ಅಂಕಿ ಬರೆಯುವ ಮುನ್ನ

• ವಿಧಾನ ಪರಿಷತ್ತಿನ ಶಿಕ್ಷಕರ, ಪದವೀಧರರ ಕ್ಷೇತ್ರಗಳಲ್ಲಿ ಮತಗಟ್ಟೆಯವರು ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು. ಜೇಬಿನ ಪೆನ್ನು ಜೇಬಿನಲ್ಲೇ ಇರಲಿ.

• ‘1’ ಕಡ್ಡಾಯ. ಮಿಕ್ಕವು ನಿಮ್ಮಿಷ್ಟ.

• 1, 2, 3 ಆಗಬಹುದು, ರೋಮನ್ ಅಂಕಿ ಆಗಬಹುದು, ೧, ೨, ೩ ಕೂಡ ಆಗಬಹುದು. ‘ಒಂದು’, ‘ಎರಡು’ ಎಂದು ಅಕ್ಷರದಲ್ಲಿ ಬರೆದರೆ ಆಗದು.

• ರೈಟ್ ಮಾರ್ಕು, ಸಹಿ, ಇಬ್ಬರ ಮುಂದೆ ‘1’: ಮತ ತಿರಸ್ಕೃತ. ಪದವಿ ಪಡೆದವರೇ ಮತ ಹಾಕುವ ಕ್ಷೇತ್ರದಲ್ಲೂ ಎಣಿಕೆ ಮುಗಿದಾಗ ತಿರಸ್ಕೃತ ಮತಗಳದ್ದೇ ಒಂದು ಸುದ್ದಿ.

———

ಎಪ್ಪತ್ತಾರರ ಎರಡು ಮುಖ

ಈಗ ನಿಜಲಿಂಗಪ್ಪನವರ ಲೆಕ್ಕಕ್ಕೆ ಬರೋಣ. ಗಿರಿ, ರೆಡ್ಡಿ ಇಬ್ಬರನ್ನು ಬಿಟ್ಟು ಉಳಿದವರ ಕಟ್ಟುಗಳಲ್ಲಿದ್ದ ಮತಮೌಲ್ಯ 1,21,274. ಅದರಲ್ಲಿ ಗಿರಿಯವರಿಗೆ ಹೋದದ್ದು 18,562. ರೆಡ್ಡಿಯವರಿಗೆ ಬಂದದ್ದು 91,879. ಅಂದರೆ ಐದು ಪಟ್ಟು! ನೂರರಲ್ಲಿ ಎಪ್ಪತ್ತಾರು ಪಾಲು ರೆಡ್ಡಿಯವರದ್ದೇ. ಪುಸ್ತಕಗಳಲ್ಲಿ ‘ಎರಡನೇ ಪ್ರಾಶಸ್ತ್ಯದ ಮತಗಳಿಂದ ಗೆದ್ದ ಗಿರಿ’ ಎಂದು ಓದಿದವರಿಗೆ ಇದು ವಿಚಿತ್ರ ಅನಿಸಬಹುದು. ಎರಡನೇ ಪ್ರಾಶಸ್ತ್ಯದಲ್ಲಿ ಗೆದ್ದವರು ರೆಡ್ಡಿ. ಗಿರಿಯವರನ್ನು ದಡ ಮುಟ್ಟಿಸಿದ್ದು ಮೊದಲ ಪ್ರಾಶಸ್ತ್ಯದಲ್ಲಿ ಗಳಿಸಿದ್ದ ದೂರ.

ಹೆಚ್ಚುಕಡಿಮೆ ಇದೇ ಪಾಲು ಬೇರೆ ಕಡೆ ಚರಿತ್ರೆಯನ್ನೇ ಮಗುಚಿದೆ. 1990ರಲ್ಲಿ ಐರ್ಲೆಂಡಿನ ಅಧ್ಯಕ್ಷ ಚುನಾವಣೆ, ಪದ್ಧತಿ ನಮ್ಮದೇ. ಮೊದಲ ಎಣಿಕೆಯಲ್ಲಿ ಬ್ರಯನ್ ಲೆನಿಹನ್ 6,94,484 ಪಡೆದು ಮುಂದಿದ್ದರು. ಮೇರಿ ರಾಬಿನ್ಸನ್ 6,12,265. ಮೂರನೆಯವರು ಆಸ್ಟಿನ್ ಕರಿ, 2,67,902. ಕರಿಯವರನ್ನು ಕೈಬಿಟ್ಟು ಅವರ ಮತ ಹಂಚಿದಾಗ ರಾಬಿನ್ಸನ್‌ಗೆ 2,05,565 ಬಂತು. ಭಾಗಿಸಿ ನೋಡಿ: ಇಲ್ಲೂ ಹತ್ತಿರಹತ್ತಿರ ಶೇ. 77. ರಾಬಿನ್ಸನ್ ಐರ್ಲೆಂಡಿನ ಮೊದಲ ಮಹಿಳಾ ಅಧ್ಯಕ್ಷೆಯಾದರು. ರೆಡ್ಡಿಯವರಿಗೆ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ವ್ಯತ್ಯಾಸ ಇಷ್ಟೇ. ರಾಬಿನ್ಸನ್ ದಾಟಬೇಕಿದ್ದ ಕಂದಕ ಎಂಬತ್ತೆರಡು ಸಾವಿರ, ದಾಟಲು ಸಿಕ್ಕ ಹಲಗೆ ಎರಡೂಮುಕ್ಕಾಲು ಲಕ್ಷದ ಹತ್ತಿರ. ರೆಡ್ಡಿಯವರ ಕಂದಕ ಎಂಬತ್ತೆಂಟು ಸಾವಿರ, ಹಲಗೆ ಬರೀ ಒಂದೂಕಾಲು ಲಕ್ಷಕ್ಕಿಂತ ಕಡಿಮೆ. ಕೋಟಾ ಮುಟ್ಟಲು ಅವರಿಗೆ ಬೇಕಿದ್ದದ್ದು ನೂರಕ್ಕೆ ಎಂಬತ್ತಾರು.

ಮುಂದಿನ ಅಂಕಿಯಿಲ್ಲದೆ ದಾರಿಯಲ್ಲೇ ನಿಂತ ಮತಗಳು? ಅವು 10,833. ಅಷ್ಟೂ ರೆಡ್ಡಿಯವರಿಗೆ ಬಂದಿದ್ದರೂ 4,16,260 ಆಗುತ್ತಿತ್ತೇ ಹೊರತು ಗಿರಿಯವರನ್ನು ಮುಟ್ಟುತ್ತಿರಲಿಲ್ಲ. ಅಂತೂ ಸ್ವತಂತ್ರ ಪಕ್ಷದವರೋ ಜನಸಂಘದವರೋ ಮಾತಿಗೆ ತಪ್ಪಿದ್ದರಿಂದ ರೆಡ್ಡಿ ಸೋತರು ಎನ್ನಲು ಈ ಅಂಕಿಗಳಲ್ಲಿ ಆಧಾರವಿಲ್ಲ. ಸೋಲು ಆಗಿದ್ದು ರೆಡ್ಡಿಯವರದ್ದೇ ಪಕ್ಷದ ‘1’ರಲ್ಲಿ.

ಎರಡು ಕೇಳಿದ ಬೆಲೆ

ಪ್ರಾಶಸ್ತ್ಯದ ಮತದ ಸಿದ್ಧಾಂತಿಗಳು ಈ ಪದ್ಧತಿಯ ಒಂದು ಗುಣವನ್ನು ಬಹಳ ಹೊಗಳುತ್ತಾರೆ: ನೀವು ‘2’ ಬರೆದರೆ ನಿಮ್ಮ ‘1’ಕ್ಕೆ ಎಳ್ಳಷ್ಟೂ ಹಾನಿಯಿಲ್ಲ. ದೇಶಮುಖ್ ಅವರಿಗೆ ‘1’ ಹಾಕಿದ ಶಾಸಕ ರೆಡ್ಡಿಯವರಿಗೆ ‘2’ ಹಾಕಿದ್ದರಿಂದ ದೇಶಮುಖ್ ಕೂದಲೆಳೆಯಷ್ಟೂ ಹಿಂದೆ ಬೀಳಲಿಲ್ಲ. ಅವರು ಕಣ ಬಿಡುವ ತನಕ ಆ ‘2’ನ್ನು ಯಾರೂ ನೋಡುವುದೇ ಇಲ್ಲವಲ್ಲ.

ಮತಪತ್ರದ ಮೇಲೆ ಇದು ನೂರಕ್ಕೆ ನೂರು ನಿಜ. ಆದರೆ ರಾಜಕೀಯ ನಡೆಯುವುದು ಮತಪತ್ರದ ಹೊರಗೆ. ‘2’ ಕೊಡುವವನಿಗೆ ಖರ್ಚಿಲ್ಲ, ಕೇಳುವವನಿಗೆ ಇದೆ. ಎದುರು ಪಾಳಯದ ಎರಡನೇ ಮತ ಬೇಕೆಂದರೆ ಅವರೊಡನೆ ಕುಳಿತು ಮಾತಾಡಬೇಕು, ಮಾತಾಡಿದ್ದು ತನ್ನ ಪಾಳಯಕ್ಕೆ ಗೊತ್ತಾಗದೆ ಇರದು. ನಿಜಲಿಂಗಪ್ಪನವರು ಜನಸಂಘದ ‘2’ ತಂದರು, ಕಾಂಗ್ರೆಸ್ಸಿನ ‘1’ ಕಳೆದುಕೊಂಡರು. ಯಾವ ಸೂತ್ರದಲ್ಲೂ ಈ ಬಾಬ್ತು ಇಲ್ಲ. ನನ್ನ ಮಟ್ಟಿಗೆ 1969ರ ಚುನಾವಣೆಯಿಂದ ಕಲಿಯುವುದು ಇರುವುದೇ ಇಲ್ಲಿ.

ನವೆಂಬರ್ 12ರಂದು ನಿಜಲಿಂಗಪ್ಪನವರ ಕಾಂಗ್ರೆಸ್ ಇಂದಿರಾ ಅವರನ್ನು ಉಚ್ಚಾಟಿಸಿತು. ಪಕ್ಷ ಎರಡಾಯಿತು. ಗಿರಿಯವರ ಆಯ್ಕೆ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ರೆಡ್ಡಿಯವರ ಹೆಸರು ಕೆಡಿಸುವ ಕರಪತ್ರ ಹಂಚಿದರೆಂಬುದು ಮುಖ್ಯ ಆರೋಪ. ಅಧಿಕಾರದಲ್ಲಿದ್ದ ರಾಷ್ಟ್ರಪತಿ ಖುದ್ದಾಗಿ ಸಾಕ್ಷಿ ನುಡಿದರು. 1970ರಲ್ಲಿ ಅರ್ಜಿ ವಜಾ ಆಯಿತು. ಸೊನ್ನೆ ಮತದ ಹುರಿಯಾಳುಗಳ ಕಾಟ ಸಾಕೆನಿಸಿ 1974ರಲ್ಲಿ ಕಾಯ್ದೆ ತಿದ್ದಿ, ಹತ್ತು ಸೂಚಕರು ಮತ್ತು ಹತ್ತು ಅನುಮೋದಕರು ಬೇಕೆಂದರು. ಈಗ ಅದು ಐವತ್ತು ಮತ್ತು ಐವತ್ತು.

ಮೊದಲು ಹೊರಬೀಳುವವರು ಯಾರು?

1969ರಲ್ಲಿ ಯಾರೂ ನೋಡದ ಅಂಕಿಗಳೂ ಇದ್ದವು. ಗಿರಿ ಮತ್ತು ರೆಡ್ಡಿಯವರ ಕಟ್ಟುಗಳಲ್ಲಿದ್ದ ‘2’ಗಳು. ಒಟ್ಟು ಮತಮೌಲ್ಯದಲ್ಲಿ ನೂರಕ್ಕೆ ಎಂಬತ್ತೈದು ಆ ಎರಡು ಕಟ್ಟುಗಳಲ್ಲೇ ಇತ್ತು. ಅವರಿಬ್ಬರೂ ಕೊನೆಯವರೆಗೆ ಕಣದಲ್ಲಿದ್ದರಿಂದ ಅವರ ಮತದಾರರ ಎರಡನೇ ಆಯ್ಕೆ ಯಾರೆಂದು ನಿಯಮ ಕೇಳಲಿಲ್ಲ, ಎಣಿಕೆಯವರು ನೋಡಲಿಲ್ಲ. ಇಬ್ಬರ ಜಗಳದಲ್ಲಿ ಎರಡೂ ಕಡೆಯವರು ‘ಅವರಿಗಿಂತ ದೇಶಮುಖ್ ವಾಸಿ’ ಎಂದು ಬರೆದಿದ್ದಿರಬಹುದೇ? ಊಹೆ ಅಷ್ಟೇ. ಆದರೆ ಬೇರೆ ಕಡೆ ಇಂಥದ್ದು ಕಣ್ಣೆದುರೇ ನಡೆದಿದೆ.

ಅಮೆರಿಕದ ಅಲಾಸ್ಕ ರಾಜ್ಯ, ಆಗಸ್ಟ್ 2022. ಸಂಸತ್ತಿನ ಒಂದು ಸ್ಥಾನಕ್ಕೆ ವಿಶೇಷ ಚುನಾವಣೆ, ಅಂಕಿ ಬರೆಯುವ ಹೊಸ ಪದ್ಧತಿ. ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೋಲಾ ಮುಂದೆ. ರಿಪಬ್ಲಿಕನ್ ಪಕ್ಷದ ಇಬ್ಬರು: ಹೆಸರಾಂತ ಸಾರಾ ಪೇಲಿನ್ ಎರಡನೆಯವರು, ನಿಕ್ ಬೆಗಿಚ್ ಮೂರನೆಯವರು. ಬೆಗಿಚ್ ಕಣದಿಂದ ಹೊರಕ್ಕೆ. ಕೊನೆಯ ಎಣಿಕೆ ಪೆಲ್ಟೋಲಾ 91,266, ಪೇಲಿನ್ 86,026.

ಆಮೇಲೆ ಮತಪತ್ರಗಳ ಪೂರ್ತಿ ವಿವರ ಹೊರಬಂತು. ಗಣಿತದವರು ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿ ಲೆಕ್ಕ ಹಾಕಿದರು. ಬೆಗಿಚ್ ವರ್ಸಸ್ ಪೇಲಿನ್: ಬೆಗಿಚ್ ಗೆಲುವು. ಬೆಗಿಚ್ ವರ್ಸಸ್ ಪೆಲ್ಟೋಲಾ: ಅಲ್ಲೂ ಬೆಗಿಚ್. ಇಬ್ಬರನ್ನೂ ಸೋಲಿಸಬಲ್ಲವರು ಎಲ್ಲರಿಗಿಂತ ಮೊದಲು ಮನೆಗೆ ಹೋಗಿದ್ದರು. ಎರಡೂ ಕಡೆಯವರಿಗೆ ನಡೆಯುವ ನಡುಪಂಥದವರು ‘1’ ಕಡಿಮೆ ಪಡೆದು ಇಕ್ಕೆಲಗಳ ನಡುವೆ ಅಪ್ಪಚ್ಚಿಯಾಗುವುದು ಈ ಪದ್ಧತಿಯ ಹಳೆಯ ರೋಗ. ಮೇಲಾಗಿ, ಬೆಗಿಚ್ ಕಟ್ಟಿನ 11,290 ಮತಪತ್ರಗಳಲ್ಲಿ ಮುಂದಿನ ಅಂಕಿ ಇರಲಿಲ್ಲ. ಗೆಲುವಿನ ಅಂತರ 5,240. ಅಂದರೆ ಇಲ್ಲಿ ದಾರಿಯಲ್ಲೇ ನಿಂತ ಮತಗಳಿಗೆ ಫಲಿತಾಂಶ ಬದಲಿಸುವ ಶಕ್ತಿ ಇತ್ತು.

ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಊರಿನ ಕಥೆ ಇನ್ನೂ ಚೋದ್ಯ. 2009ರ ಮೇಯರ್ ಚುನಾವಣೆಯಲ್ಲಿ ಬಾಬ್ ಕಿಸ್, ಕರ್ಟ್ ರೈಟ್ ಎಂಬವರನ್ನು 4,313–4,061ರಿಂದ ಸೋಲಿಸಿದರು. ಎದುರುಬದುರು ನಿಂತರೆ ಇಬ್ಬರನ್ನೂ ಸೋಲಿಸಬಲ್ಲ ಆಂಡಿ ಮಾಂಟ್ರೋಲ್ ಮೂರನೆಯವರಾಗಿ ಹೊರಬಿದ್ದಿದ್ದರು. ಅದಿರಲಿ. ರೈಟ್‌ಗೆ ‘1’ ಹಾಕಿದವರಲ್ಲಿ ಸುಮಾರು ಏಳುನೂರೈವತ್ತು ಮಂದಿ ಮನಸ್ಸು ಬದಲಿಸಿ ಕಿಸ್‌ಗೇ ‘1’ ಹಾಕಿದ್ದರೆ ಏನಾಗುತ್ತಿತ್ತು? ರೈಟ್ ಮೂರನೆಯ ಸ್ಥಾನಕ್ಕೆ ಇಳಿದು ಹೊರಬೀಳುತ್ತಿದ್ದರು, ಮಾಂಟ್ರೋಲ್ ಉಳಿಯುತ್ತಿದ್ದರು, ಕೊನೆಯ ಸುತ್ತಿನಲ್ಲಿ ಕಿಸ್ ಸೋಲುತ್ತಿದ್ದರು. ಹೆಚ್ಚು ಮತ ಬಂದದ್ದಕ್ಕೇ ಸೋಲು! ಸಿದ್ಧಾಂತದಲ್ಲಿ ಇದಕ್ಕೆ ಮೊನೊಟೊನಿಸಿಟಿ ಮುರಿಯುವುದು ಎನ್ನುತ್ತಾರೆ. ಬರ್ಲಿಂಗ್ಟನ್ ಜನ ಮರುವರ್ಷವೇ ಆ ಪದ್ಧತಿಯನ್ನು ಮನೆಗೆ ಕಳಿಸಿದರು. ದಶಕ ಕಳೆದ ಮೇಲೆ ನಗರ ಸಭೆಯ ಚುನಾವಣೆಗೆ ಮತ್ತೆ ಕರೆತಂದರು.

———

ನಲವತ್ತೈದರ ಮಹಿಮೆ

ರಾಜ್ಯಸಭೆಯ ನಾಲ್ಕು ಸ್ಥಾನ, ಕರ್ನಾಟಕದ 224 ಶಾಸಕರು. ನಾಲ್ಕರಿಂದ ಭಾಗಿಸಿ 56 ಬೇಕೆನ್ನುವುದು ಇಂಗ್ಲೆಂಡಿನ ಥಾಮಸ್ ಹೇರ್ ಅವರ ಹಳೆಯ ಲೆಕ್ಕ. ಡ್ರೂಪ್ ಲೆಕ್ಕದಲ್ಲಿ 45 ಸಾಕು. ಯಾಕೆ? ನಾಲ್ವರು ತಲಾ 45 ಪಡೆದರೆ 180. ಉಳಿದದ್ದು 44. ಐದನೆಯವರು ಏನೇ ಮಾಡಿದರೂ 45 ಮುಟ್ಟಲಾರರು.

ಇಲ್ಲಿ ಒಂದು ಮತಪತ್ರಕ್ಕೆ 100 ಮೌಲ್ಯ, ಹಾಗಾಗಿ ಕೋಟಾ 4,481. ಒಬ್ಬರಿಗೆ ಐವತ್ತು ಶಾಸಕರು ‘1’ ಹಾಕಿದರೆ ಅವರ ಬಳಿ 5,000; ಹೆಚ್ಚುವರಿ 519. ಆ 519 ವ್ಯರ್ಥವಾಗದು. ಐವತ್ತೂ ಮತಪತ್ರಗಳಲ್ಲಿ ‘2’ ಇದ್ದರೆ ಪ್ರತಿಯೊಂದೂ 10ರ ಮೌಲ್ಯ ಹೊತ್ತು ಎರಡನೆಯವರ ಬಳಿ ಹೋಗುತ್ತದೆ. ಶಾಸಕರನ್ನು ಹೋಟೆಲಿನಲ್ಲಿ ಕೂರಿಸಿ ‘ನೀನು ಇವರಿಗೆ ಒಂದು, ಅವರಿಗೆ ಎರಡು’ ಎಂದು ಪಾಠ ಹೇಳುವುದು ಈ ಚಿಲ್ಲರೆಗಾಗಿಯೇ. 2022ರ ಜೂನ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ರಾಜ್ಯದ ಮೂರೂ ಪ್ರಮುಖ ಪಕ್ಷಗಳು ಕಣಕ್ಕಿಳಿದಿದ್ದವು, ಯಾರ ಬಳಿಯೂ ಸಾಕಷ್ಟು ಸಂಖ್ಯಾಬಲ ಇರಲಿಲ್ಲ. ಸ್ಥಾನ ಬಿಜೆಪಿಯ ಲೆಹರ್ ಸಿಂಗ್ ಅವರ ಪಾಲಾಯಿತು.

———

ಫ್ರಾನ್ಸಿನ ಇಬ್ಬರು ಮತ್ತು ಒಂದು ಶಾಲಾ ಪ್ರವಾಸ

ಯಾರನ್ನು ವಿಜೇತರೆನ್ನಬೇಕೆಂಬ ಈ ತಂಟೆಯನ್ನು ಗಂಭೀರವಾಗಿ ಹಚ್ಚಿಕೊಂಡವರಲ್ಲಿ ಹೆಸರಾದವರು ಹದಿನೆಂಟನೇ ಶತಮಾನದ ಇಬ್ಬರು ಫ್ರೆಂಚರು. ನೌಕಾಪಡೆಯ ಗಣಿತಜ್ಞ ಬೋರ್ಡಾ 1770ರಲ್ಲಿ ವಿಜ್ಞಾನ ಅಕಾಡೆಮಿಯ ಮುಂದೆ ಅಂಕ ಕೊಡುವ ಪದ್ಧತಿ ಮಂಡಿಸಿದ. ಮೂವರಿದ್ದರೆ ಮೊದಲನೆಯವರಿಗೆ ಮೂರಂಕ, ಎರಡನೆಯವರಿಗೆ ಎರಡು, ಕೊನೆಗೆ ಒಂದು. ಎಲ್ಲ ಕೂಡಿ ಹೆಚ್ಚು ಬಂದವರು ಗೆದ್ದರು. ಇಲ್ಲಿ ‘2’ ಬರೆದರೆ ‘1’ಕ್ಕೆ ಪೆಟ್ಟು ಖಂಡಿತ. ಪ್ರಬಲ ಎದುರಾಳಿಯನ್ನು ಬೇಕೆಂದೇ ಕೊನೆಗೆ ತಳ್ಳಿದರೆ ಎಂದು ಯಾರೋ ಕೇಳಿದ್ದಕ್ಕೆ, ನನ್ನ ಪದ್ಧತಿ ಇರುವುದು ಪ್ರಾಮಾಣಿಕರಿಗೆ ಎಂದನಂತೆ. ಅಂಥವರಿಗಾದರೆ ಯಾವ ಪದ್ಧತಿಯಾದರೂ ನಡೆದೀತು.

ಕಾಂಡೋರ್ಸೆ 1785ರಲ್ಲಿ ಬೇರೆ ದಾರಿ ಹಿಡಿದ: ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿ, ಎಲ್ಲರನ್ನೂ ಸೋಲಿಸಬಲ್ಲವರೇ ನಿಜವಾದ ವಿಜೇತರು. ಬೆಗಿಚ್, ಮಾಂಟ್ರೋಲ್ ಅವರನ್ನು ‘ಕಾಂಡೋರ್ಸೆ ವಿಜೇತರು’ ಎನ್ನುವುದು ಇದಕ್ಕೇ. ಆದರೆ ಅಂಥವರು ಯಾವಾಗಲೂ ಇರುತ್ತಾರೆಂಬ ಖಾತ್ರಿಯಿಲ್ಲವೆಂದೂ ಅವನೇ ಕಂಡುಕೊಂಡ.

ಒಂದು ಶಾಲೆಯ ಮೂವರು ಮೇಷ್ಟ್ರು ಪ್ರವಾಸದ ಊರು ಆರಿಸುತ್ತಿದ್ದಾರೆ ಎನ್ನಿ. ಒಬ್ಬರ ಪಟ್ಟಿ: ಹಂಪಿ, ಜೋಗ, ಚಿಕ್ಕಮಗಳೂರು. ಇನ್ನೊಬ್ಬರದ್ದು: ಜೋಗ, ಚಿಕ್ಕಮಗಳೂರು, ಹಂಪಿ. ಮತ್ತೊಬ್ಬರದ್ದು: ಚಿಕ್ಕಮಗಳೂರು, ಹಂಪಿ, ಜೋಗ. ಹಂಪಿಯೋ ಜೋಗವೋ? ಇಬ್ಬರು ಹಂಪಿ ಎನ್ನುತ್ತಾರೆ. ಜೋಗವೋ ಚಿಕ್ಕಮಗಳೂರೋ? ಇಬ್ಬರು ಜೋಗ. ಹಾಗಾದರೆ ಹಂಪಿ ಎಲ್ಲಕ್ಕಿಂತ ಮೇಲು ತಾನೇ? ಇಲ್ಲ, ಚಿಕ್ಕಮಗಳೂರೋ ಹಂಪಿಯೋ ಎಂದರೆ ಇಬ್ಬರು ಚಿಕ್ಕಮಗಳೂರು! ಮೂವರಲ್ಲಿ ಯಾರೊಬ್ಬರ ತಲೆಯೂ ಕೆಟ್ಟಿಲ್ಲ, ಮೂವರ ಬಹುಮತಕ್ಕೆ ಮಾತ್ರ ತಲೆ ಬಾಲ ಇಲ್ಲ. ಯಾವ ಎರಡನ್ನು ಮೊದಲು ಮತಕ್ಕೆ ಹಾಕಬೇಕೆಂದು ತೀರ್ಮಾನಿಸುವ ಹೆಡ್‌ಮೇಷ್ಟ್ರೇ ಊರನ್ನೂ ತೀರ್ಮಾನಿಸುತ್ತಾರೆ.

1951ರಲ್ಲಿ ಅಮೆರಿಕದ ಕೆನೆತ್ ಆರೋ ಇದಕ್ಕೆ ಬೀಗಮುದ್ರೆ ಹಾಕಿದರು. ಅಭ್ಯರ್ಥಿಗಳು ಮೂವರೋ ಹೆಚ್ಚೋ ಇದ್ದಾಗ, ಎಲ್ಲರೂ ಒಬ್ಬರನ್ನೇ ಮೇಲೆಂದರೆ ಅವರೇ ಮೇಲಿರಬೇಕು, ಇಬ್ಬರ ನಡುವಿನ ತೀರ್ಪಿಗೆ ಮೂರನೆಯವರ ಉಸಾಬರಿ ತಾಗಬಾರದು, ಯಾರೊಬ್ಬರೂ ಸರ್ವಾಧಿಕಾರಿ ಆಗಬಾರದು: ಇಂಥ ಸಾಧಾರಣ ಷರತ್ತುಗಳನ್ನು ಒಟ್ಟಿಗೆ ಪಾಲಿಸಿ, ಸುತ್ತುಹಾಕದ ಪಟ್ಟಿ ಕೊಡುವ ಯಾವ ಕ್ರಮಾಂಕ ಪದ್ಧತಿಯೂ ಇಲ್ಲ, ಇರಲು ಸಾಧ್ಯವೂ ಇಲ್ಲ ಎಂದು ಸಾಧಿಸಿದರು. 1972ರಲ್ಲಿ ನೊಬೆಲ್ ಬಂತು. ನಮ್ಮ ಅಮರ್ತ್ಯ ಸೇನ್ ಮತ್ತು ಪ್ರಶಾಂತ ಪಟ್ನಾಯಕ್ ಸೇರಿ, ಜನರ ಆಯ್ಕೆಗಳು ಯಾವ ಬಗೆಯಲ್ಲಿದ್ದರೆ ಬಹುಮತ ಹೀಗೆ ಸುತ್ತುಹಾಕುವುದಿಲ್ಲ ಎಂಬುದನ್ನು ಕರಾರುವಾಕ್ಕಾಗಿ ತೋರಿಸಿದ ಪ್ರಬಂಧ ಪ್ರಕಟವಾದದ್ದು, ಕಾಕತಾಳೀಯವೆಂಬಂತೆ, ಅದೇ 1969ರಲ್ಲಿ.

ಕುಂಟು ಹುಡುಕಿದರೆ ಎಲ್ಲ ಪದ್ಧತಿಯೂ ಕುಂಟೇ. ಹೆಚ್ಚು ಮತ ಪಡೆದವರೇ ಗೆಲ್ಲುವ ನಮ್ಮ ಎಂದಿನ ಪದ್ಧತಿಯ ಕುಂಟು ಇದಕ್ಕಿಂತ ದೊಡ್ಡದು. ಆಸ್ಟ್ರೇಲಿಯಾದಲ್ಲಿ 1918ರ ಸ್ವಾನ್ ಉಪಚುನಾವಣೆಯಲ್ಲಿ ಸಂಪ್ರದಾಯವಾದಿ ಮತ ಇಬ್ಬರ ನಡುವೆ ಹಂಚಿಹೋಗಿ, ಶೇ. 34ರ ಆಸುಪಾಸಿನಲ್ಲೇ ಲೇಬರ್ ಅಭ್ಯರ್ಥಿ ಗೆದ್ದುಬಿಟ್ಟ. ಸರ್ಕಾರ ಅದೇ ವರ್ಷ ಪ್ರಾಶಸ್ತ್ಯದ ಮತ ಜಾರಿಗೆ ತಂದಿತು. ಅಲ್ಲಿ ಕೆಳಮನೆಗೆ ಎಲ್ಲ ಅಭ್ಯರ್ಥಿಗಳಿಗೂ ಅಂಕಿ ಹಾಕಲೇಬೇಕು, ಹಾಗಾಗಿ ದಾರಿಯಲ್ಲಿ ನಿಲ್ಲುವ ಮತವೇ ಇಲ್ಲ. ಬದಲಿಗೆ ಬೇಸರಪಟ್ಟವರು ಮೇಲಿಂದ ಕೆಳಕ್ಕೆ 1, 2, 3, 4 ಎಂದು ಸಾಲಾಗಿ ಬರೆದು ಎದ್ದುಹೋಗುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ‘ಕತ್ತೆ ಮತ’. ಅಲಾಸ್ಕದಲ್ಲಿ 2024ರ ನವೆಂಬರ್‌ನಲ್ಲಿ ಪದ್ಧತಿಯನ್ನೇ ರದ್ದು ಮಾಡುವ ಪ್ರಸ್ತಾಪ ಸಾವಿರಕ್ಕೂ ಕಡಿಮೆ ಮತಗಳಿಂದ ಬಿದ್ದುಹೋಯಿತು. ಅದೇ ಚುನಾವಣೆಯಲ್ಲಿ, ಅದೇ ಪದ್ಧತಿಯಲ್ಲಿ, ಬೆಗಿಚ್ ಗೆದ್ದರು.

ಮೇಷ್ಟ್ರ ಮತ

ಕರ್ನಾಟಕದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಶಿಕ್ಷಕರದ್ದು, ಏಳು ಪದವೀಧರರದ್ದು. ಜನಸಾಮಾನ್ಯರು ಪ್ರಾಶಸ್ತ್ಯದ ಅಂಕಿ ಬರೆಯುವ ಅವಕಾಶ ನಮ್ಮಲ್ಲಿರುವುದು ಇಲ್ಲಿ ಮಾತ್ರ. ಎಣಿಕೆ ಬೆಳಿಗ್ಗೆ ಶುರುವಾದರೆ ಮರುದಿನಕ್ಕೆ ಎಳೆಯುವುದೂ ಉಂಟು. ಮತಪತ್ರಗಳನ್ನು ಬೆರೆಸಿ, ಬಂಡಲ್ ಕಟ್ಟಿ, ತಿರಸ್ಕೃತವನ್ನು ಬೇರ್ಪಡಿಸಿ, ಕೋಟಾ ಹಾಕಿ, ಆಮೇಲೆ ಒಬ್ಬೊಬ್ಬರನ್ನೇ ಕೈಬಿಡಬೇಕು. ಎರಡಂಕಿಯಷ್ಟು ಮತ ಪಡೆದ ಪಕ್ಷೇತರರ ಕಟ್ಟನ್ನೂ ಬಿಚ್ಚಿ, ಹಾಳೆ ಹಾಳೆ ತಿರುವಿ, ‘2’ ಹುಡುಕಬೇಕು.

ಬಹಳಷ್ಟು ಹಾಳೆಗಳಲ್ಲಿ ಅದು ಇರುವುದೇ ಇಲ್ಲ. ಮೇಷ್ಟ್ರು ‘1’ ಬರೆದು ಪೆನ್ನು ಕೆಳಗಿಟ್ಟಿರುತ್ತಾರೆ. ‘2’ ಬರೆದರೆ ನಮ್ಮವರಿಗೆ ತೊಂದರೆಯಾದೀತು ಎಂಬ ಅಂಜಿಕೆ. ಈ ಅಂಜಿಕೆಗೆ ಕಾರಣವಿಲ್ಲವೆಂದು ಆಗಲೇ ನೋಡಿದೆವು. ‘1’ ಪಡೆದವರು ಸೋತ ಮೇಲಷ್ಟೇ ‘2’ಕ್ಕೆ ಕೆಲಸ. ಬರೆಯದಿದ್ದರೆ ಆಗುವುದಿಷ್ಟು: ನಿಮ್ಮವರು ಹೊರಬಿದ್ದ ಮೇಲೆ ಉಳಿದ ಇಬ್ಬರಲ್ಲಿ ಯಾರೆಂಬುದನ್ನು ಬೇರೆಯವರು ತೀರ್ಮಾನಿಸುತ್ತಾರೆ. ಹೀಗೆ ಬದಿಗಿಟ್ಟ ಕಟ್ಟು ದಪ್ಪವಾದಷ್ಟೂ ಕೋಟಾ ಮುಟ್ಟುವುದು ಕಷ್ಟ. ಕೊನೆಗೆ ಕಣದಲ್ಲಿ ಒಬ್ಬರೇ ಉಳಿದರೆ ಕೋಟಾ ಮುಟ್ಟದಿದ್ದರೂ ಅವರೇ ಗೆದ್ದಂತೆ ಎನ್ನುತ್ತದೆ ನಿಯಮ.

ಐರ್ಲೆಂಡಿನಲ್ಲಿ ಮನೆಬಾಗಿಲಿಗೆ ಬರುವ ಅಭ್ಯರ್ಥಿ, ‘ನಿಮ್ಮ ಒಂದು ಬೇರೆಯವರಿಗೆ ಅಂತಾದರೆ ಎರಡನ್ನಾದರೂ ನನಗೆ ಕೊಡಿ’ ಎಂದು ಸಂಕೋಚವಿಲ್ಲದೆ ಕೇಳುತ್ತಾನೆ. ನಮ್ಮಲ್ಲಿ ಶಿಕ್ಷಕರ ಕ್ಷೇತ್ರದ ಕರಪತ್ರ ತೆಗೆದು ನೋಡಿ. ‘ಪ್ರಥಮ ಪ್ರಾಶಸ್ತ್ಯದ ಮತ ನೀಡಿ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಎರಡನೆಯದರ ಸುದ್ದಿ ಕೆಳಗೆಲ್ಲೂ ಸಿಗದು.